ಓದುಗರ ಸ್ಪಂದನ: ದೇವರಿಗೆ ಒಪ್ಪಿಸಿದ ಮೇಲೆ ಠಾಣೆಗೆ ಹೋಗಬಹುದೇ?

ಕೊರಟಗೆರೆ ಕಡೆಯ ಸೋದರಿಯೊಬ್ಬರ ಪತ್ರವನ್ನು ಕಳೆದ ಸಂಚಿಕೆಯಲ್ಲಿ ಪ್ರಕಟಿಸಿದ್ದೆವು. ಬದುವಿನ ಜಗಳದಲ್ಲಿ ದಾಯಾದಿಗಳು ಕೈಕಾಲು ಮುರಿಯುತ್ತೇವೆ ಎಂದಿದ್ದಾರೆ, ಎರಡು ಸಲ ಡ್ರಿಪ್ ಪೈಪು ಕೊಯ್ದಿದ್ದಾರೆ. “ದೇವರಾಯನದುರ್ಗದ ನರಸಿಂಹಸ್ವಾಮಿಗೆ ಒಪ್ಪಿಸಿ, ಅವರು ಹಾಳಾಗಲೆಂದು ಹರಕೆ ಹೊತ್ತಿದ್ದೇನೆ. ಈಗ ದೂರು ಕೊಟ್ಟರೆ ನಂಬಿಕೆ ಕಡಿಮೆಯಾದ ಹಾಗಲ್ಲವೇ?” ಎಂದು ಕೇಳಿದ್ದರು.

*

ಅಕ್ಕಾ, ನಿಮ್ಮ ಪತ್ರ ಓದಿದ ರಾತ್ರಿ ನಿದ್ದೆ ಹತ್ತಲಿಲ್ಲ. ಯಾಕೆಂದು ಬರೆಯಲಾರೆ. ನಿಮ್ಮ ಕೆಲಸಕ್ಕೆ ಬರುವುದನ್ನಷ್ಟೇ ಬರೆಯುತ್ತೇನೆ.

ದೂರಿನಲ್ಲಿ ‘ಬೆದರಿಸಿದರು’ ಎಂದಷ್ಟೇ ಇದ್ದರೆ ಎನ್‌ಸಿಆರ್ (ಪೊಲೀಸರು ತಾವಾಗಿ ತನಿಖೆ ಮಾಡಲಾಗದ ಅಪರಾಧದ ದಾಖಲೆ) ಮಾಡಿ, ಹಿಂಬರಹ ಎಂಬ ಲಿಖಿತ ಉತ್ತರ ಕೊಟ್ಟು ಕಳಿಸಿಬಿಡುತ್ತಾರೆ. ಆಮೇಲೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆ ಇಲ್ಲ. ಎಷ್ಟೋ ಜನ ಇಲ್ಲೇ ಕೈಚೆಲ್ಲುತ್ತಾರೆ. ಅದಕ್ಕೇ ಪೈಪು ಕೊಯ್ದದ್ದನ್ನು ಮೊದಲು ಬರೆಯಿರಿ: ತಾರೀಖು, ಹೊತ್ತು, ಸರ್ವೆ ನಂಬರು, ಎಷ್ಟು ಸಾಲು, ಯಾವ ಬೆಳೆಗೆ ಎಷ್ಟು ದಿನ ನೀರು ತಪ್ಪಿತು. ಬೇಸಾಯದ ನೀರಿಗೆ ಹಾನಿ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 326ನೇ ಕಲಂ ಪ್ರಕಾರ 5 ವರ್ಷದವರೆಗೆ ಶಿಕ್ಷೆಯಿರುವ ಅಪರಾಧ, ನೇರ ಎಫ್‌ಐಆರ್ ಆಗುತ್ತದೆ. ಬೆದರಿಕೆ (351ನೇ ಕಲಂ) ಅದರ ಹಿಂದೆ ಬರಲಿ, ಅವರು ಆಡಿದ ಮಾತಿನಲ್ಲೇ. ‘ಅವಾಚ್ಯ ಶಬ್ದಗಳಿಂದ ನಿಂದಿಸಿ’ ಎಂದು ಬರೆದು ಮುಗಿಸಲು ಬಿಡಬೇಡಿ. ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು. ದೂರು ತೆಗೆದುಕೊಳ್ಳದಿದ್ದರೆ ಅದನ್ನೇ ಸ್ಪೀಡ್ ಪೋಸ್ಟಿನಲ್ಲಿ ಜಿಲ್ಲಾ ಎಸ್‌ಪಿಯವರಿಗೆ ಕಳಿಸಿ ರಸೀದಿ ಇಟ್ಟುಕೊಳ್ಳಿ.

ಕೊಯ್ದ ಪೈಪಿನ ತುಂಡು ಎಸೆಯಬೇಡಿ. ಬ್ಲೇಡು ಆಡಿದ ಕಡೆ ಅಂಚು ನುಣ್ಣಗಿರುತ್ತದೆ, ಅಳಿಲು ಕಡಿದದ್ದು ಹಲ್ಲುಹಲ್ಲಾಗಿರುತ್ತದೆ. ‘ಅಳಿಲು ಕಡಿದಿದೆ ಸಾರ್’ ಎಂಬ ಮಾತು ಬಂದೇ ಬರುತ್ತದೆ. ಬೆದರಿಕೆ ರೆಕಾರ್ಡ್ ಆಗಿದ್ದರೆ ವಾಟ್ಸಾಪಿನಲ್ಲಿ ಯಾರಿಗೋ ಕಳಿಸಿ ಮೂಲ ಅಳಿಸಬೇಡಿ, ಫೋನೂ ಮಾರಬೇಡಿ.

ದೀಪ ಹಚ್ಚುವಾಗ ಗಾಳಿಗೆ ಕೈ ಅಡ್ಡ ಹಿಡಿಯುತ್ತೇವಲ್ಲ, ಅದೇನು ಅಪನಂಬಿಕೆಯೇ ಅಕ್ಕಾ?
– ಚಿಂತಾಮಣಿ

*

ಅದೇ ಸ್ವಾಮಿಯ ಕಥೆ ನೆನಪಿಸಿದವರೂ ಇದ್ದಾರೆ.

ಪ್ರಹ್ಲಾದ ಸುಮ್ಮನೆ ಕೂರಲಿಲ್ಲ. ಅಪ್ಪನ ಎದುರು ನಿಂತು ‘ಈ ಕಂಬದಲ್ಲೂ ಇದ್ದಾನೆ’ ಎಂದು ಬಾಯಿಬಿಟ್ಟು ಹೇಳಿದ ಮೇಲೆ ಕಂಬ ಒಡೆಯಿತು.
– ತುಮಕೂರು

ರಕ್ಷಣೆ ಬೇಡಿ, ತಪ್ಪಿಲ್ಲ. ಇನ್ನೊಬ್ಬರ ಕೇಡಿಗೆ ಹರಕೆ ಹೊರುವುದು ಭಕ್ತಿಯಲ್ಲ. ಮೊದಲು ಅದನ್ನು ಬಿಡಿ.
– ಪಾವಗಡ

ನಾವು ಚರ್ಚಿಗೆ ಹೋಗುವವರು. ಬೈಬಲಿನಲ್ಲಿದೆ, ಯೆರೂಸಲೇಮಿನ ಗೋಡೆ ಕಟ್ಟುವಾಗ ಶತ್ರುಗಳು ಸಂಚು ಮಾಡಿದರು. ಗೋಡೆ ಕಟ್ಟಿಸುತ್ತಿದ್ದ ನೆಹೆಮೀಯ ಪ್ರಾರ್ಥನೆಯನ್ನೂ ಮಾಡಿದ, ಹಗಲೂ ರಾತ್ರಿ ಕಾವಲನ್ನೂ ಇಟ್ಟ. ಅರ್ಧ ಜನ ಕಟ್ಟಿದರು, ಅರ್ಧ ಜನ ಈಟಿ ಹಿಡಿದು ನಿಂತರು. ಗೋಡೆ 52 ದಿನಕ್ಕೆ ಮುಗಿಯಿತು.
– ಕೆಜಿಎಫ್

*

ಪ್ರಶ್ನೆಗೆ ನೇರ ಉತ್ತರವಲ್ಲದಿದ್ದರೂ ಈ ಪತ್ರ ಬಿಡಲು ಮನಸ್ಸಾಗಲಿಲ್ಲ.

ನ್ಯಾಯ ಅನ್ಯಾಯ ದೊಡ್ಡವರು ಹೇಳಲಿ. ಮೇನ್ ಲೈನನ್ನು ಎರಡು ಅಡಿ ಆಳಕ್ಕೆ ಹೂಳಿಸಿ. ಸ್ಟಾರ್ಟರನ್ನು ಕಬ್ಬಿಣದ ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿ. ಮೊಬೈಲ್ ಸ್ಟಾರ್ಟರ್ ಹಾಕಿಸಿದರೆ ರಾತ್ರಿ ತ್ರೀಫೇಸ್ ಬಂದಾಗ ಮನೆಯಿಂದಲೇ ಮೋಟರು ಆನ್ ಮಾಡಬಹುದು, ಕತ್ತಲಲ್ಲಿ ಒಬ್ಬರೇ ತೋಟಕ್ಕೆ ಹೋಗುವುದು ತಪ್ಪುತ್ತದೆ. ಹತ್ತು 16 ಎಂಎಂ ಜಾಯಿನರ್ ಮನೆಯಲ್ಲಿರಲಿ. ಜೋಡಿಸಿದ ಮೇಲೆ ಸಾಲಿನ ಕೊನೆಯ ಮುಚ್ಚಳ ತೆಗೆದು ನೀರು ತಿಳಿಯಾಗುವ ತನಕ ಬಿಡಿ. ಕೊಯ್ದ ಬಾಯಿಂದ ಹೊಕ್ಕ ಮಣ್ಣು ಡ್ರಿಪ್ಪರ್ ಕಟ್ಟಿಸುತ್ತದೆ.
– ಶ್ರೀನಿವಾಸಪುರ

*

ಜಾಯಿನರ್ ಹಾಕುವ ಮುಂಚೆ ಕೊಯ್ದ ಜಾಗದ ಫೋಟೊ ತೆಗೆದುಕೊಳ್ಳಿ ಎಂಬುದೊಂದು ನಮ್ಮ ಕಡೆಯಿಂದ. ಚಿಂತಾಮಣಿಯ ಪತ್ರದ ಪ್ರತಿಯನ್ನು ಸೋದರಿಗೆ ಮೊನ್ನೆಯೇ ಅಂಚೆಗೆ ಹಾಕಿದ್ದೇವೆ.
– ಸಂ.