ಸುಬಾಶಿಚ್ ಜೆರ್ಸಿಯ ಒಳಗಿದ್ದ ಆ ಫೋಟೊ ಯಾರದು?

ಸಂಜೆಮ್ಯಾಚ್:
ಎಲ್ಲರಿಗೂ ನಮಸ್ಕಾರ. 2018ರ ವಿಶ್ವಕಪ್‌ನ ಕ್ರೊವೇಷಿಯಾ–ಡೆನ್ಮಾರ್ಕ್ ಪಂದ್ಯವನ್ನು ನಿನ್ನೆ ಮತ್ತೆ ಪೂರ್ತಿ ನೋಡಿದೆ. ಆಗ ನನ್ನ ಕಣ್ಣೆಲ್ಲ ಕ್ರೊವೇಷಿಯಾದ ನಾಯಕ ಮೊಡ್ರಿಚ್ ಮೇಲೇ ಇತ್ತು. ಈ ಸಲ ಗೋಲ್‌ಕೀಪರ್ ಡಾನಿಯೆಲ್ ಸುಬಾಶಿಚ್‌ನನ್ನು ಬಿಟ್ಟು ಬೇರೆ ಯಾರನ್ನೂ ನೋಡಲು ಆಗಲಿಲ್ಲ. ಪಂದ್ಯ ಸಮ ಆಗಿ ಶೂಟೌಟ್‌ಗೆ (ಸರದಿಯಲ್ಲಿ ಪೆನಾಲ್ಟಿ ಹೊಡೆದು ಗೆದ್ದವರನ್ನು ತೀರ್ಮಾನಿಸುವುದು) ಹೋದಾಗ ಡೆನ್ಮಾರ್ಕ್‌ನ ಎರಿಕ್ಸನ್, ಶೋನೆ, ನಿಕೊಲಾಯ್ ಯೋರ್ಗೆನ್ಸನ್, ಮೂವರ ಪೆನಾಲ್ಟಿಯನ್ನೂ ತಡೆದ. ಕೊನೆಯದನ್ನಂತೂ ಪಕ್ಕಕ್ಕೆ ಹಾರಿದ ಮೇಲೆ ಕಾಲಿನಲ್ಲಿ ತಡೆದ. ಪಂದ್ಯ ಮುಗಿದ ಮೇಲೆ ಜೆರ್ಸಿಯ ಕೆಳಗೆ ಒಂದು ಟೀ ಶರ್ಟ್ ಕಾಣಿಸಿತು. ಅದರ ಮೇಲೆ ಒಬ್ಬ ಹುಡುಗನ ಫೋಟೊ. ಅದು ಯಾರದು? ಆಗ ಸುಬಾಶಿಚ್‌ಗೆ 33 ವರ್ಷ ಅಲ್ವಾ, ಅಲ್ಲಿಯವರೆಗೆ ಎಲ್ಲಿದ್ದ? ಆಮೇಲೆ ಯಾಕೆ ಕಾಣಲೇ ಇಲ್ಲ?

ಹಳೇಕೀಪರ್:
ಈ ಪ್ರಶ್ನೆಗೆ ಚಿಕ್ಕದಾಗಿ ಉತ್ತರಿಸಲು ನನ್ನಿಂದ ಆಗುವುದಿಲ್ಲ, ಕ್ಷಮಿಸಿ. ನಾನೂ 12 ವರ್ಷ ಗೋಲ್ ಕಂಬಗಳ ನಡುವೆ ನಿಂತವನು. ಸುಬಾಶಿಚ್ ನನಗೆ ತುಂಬಾ ಹತ್ತಿರದ ಆಟಗಾರ.

ಫೋಟೊ ಹ್ರ್ವೊಯೆ ಚುಸ್ತಿಚ್‌ನದು. ಸುಬಾಶಿಚ್‌ನ ಗೆಳೆಯ. ಇಬ್ಬರೂ ಕ್ರೊವೇಷಿಯಾದ ಕಡಲತೀರದ ಊರು ಝಾದರ್‌ನವರು, ಊರಿನ ಕ್ಲಬ್‌ನಲ್ಲೇ ಜೊತೆಗೆ ಆಡುತ್ತಿದ್ದರು. 2008ರ ಮಾರ್ಚ್ 29ರಂದು ಚಿಬಾಲಿಯಾ ತಂಡದ ಜೊತೆ ಪಂದ್ಯ. ಆಟ ಆಗಷ್ಟೇ ಶುರುವಾಗಿತ್ತು. ಸುಬಾಶಿಚ್ ಕಳಿಸಿದ ಚೆಂಡಿನ ಹಿಂದೆ ಚುಸ್ತಿಚ್ ಓಡಿದ. ಸೈಡ್‌ಲೈನ್ ಹತ್ತಿರ ಎದುರಾಳಿಗೆ ತಗುಲಿ ಆಯ ತಪ್ಪಿತು. ಮೈದಾನದ ಅಂಚಿನಲ್ಲೇ ಒಂದು ಕಾಂಕ್ರೀಟ್ ಗೋಡೆ. ತಲೆ ಅದಕ್ಕೆ ಹೋಗಿ ಬಡಿಯಿತು. ಏಪ್ರಿಲ್ 3ಕ್ಕೆ ಅವನು ತೀರಿಕೊಂಡ. 24 ವರ್ಷ ವಯಸ್ಸು. ಟೀ ಶರ್ಟ್ ಮೇಲೆ ಫೋಟೊ ಜೊತೆ ಇರುವ 24 ಅವನ ಜೆರ್ಸಿ ನಂಬರ್.

ಕೀಪರ್ ಆಗಿ ಆಡಿದವರಿಗೆ ಇದು ಹೇಗೆ ನಾಟುತ್ತದೆ ಅಂದರೆ, ಒಂದು ಪಂದ್ಯದಲ್ಲಿ ನಾವು ಅಂಥ ಚೆಂಡು ಹತ್ತಾರು ಕಳಿಸುತ್ತೇವೆ. ಎಲ್ಲಿಗೆ ಹೋಯಿತು ಅಂತ ಆಮೇಲೆ ನೆನಪೂ ಇರುವುದಿಲ್ಲ. ಸುಬಾಶಿಚ್‌ಗೆ ಅಂಥ ಒಂದು ಚೆಂಡು ಮರೆಯಲು ಆಗಲೇ ಇಲ್ಲ. ವರ್ಷಗಟ್ಟಲೆ ಜೆರ್ಸಿಯ ಒಳಗೆ ಆ ಟೀ ಶರ್ಟ್ ಹಾಕಿಕೊಂಡೇ ಆಡಿದ. ಡೆನ್ಮಾರ್ಕ್ ಪಂದ್ಯದಲ್ಲಿ ಅದು ಕಂಡಿದ್ದಕ್ಕೆ ಫಿಫಾ ಎಚ್ಚರಿಕೆ ಕೊಟ್ಟಿತು. ಒಳ ಅಂಗಿಯ ಮೇಲೆ ಚಿತ್ರ, ಬರಹ ತೋರಿಸಬಾರದು ಅನ್ನುವುದು ನಿಯಮ. ನಿಯಮ ಸರಿ ಇರಬಹುದು. ನನಗೆ ಮಾತ್ರ ಆ ಎಚ್ಚರಿಕೆ ತುಂಬಾ ನೋವು ಕೊಟ್ಟಿತು. ಆಮೇಲೆ ಪತ್ರಕರ್ತರು ಚುಸ್ತಿಚ್ ಬಗ್ಗೆ ಕೇಳಿದಾಗ ಅವನಿಗೆ ಮಾತೇ ಹೊರಡಲಿಲ್ಲ, ಅತ್ತುಬಿಟ್ಟ.

33ರವರೆಗೆ ಎಲ್ಲಿದ್ದ ಅಂದಿರಿ. ಕಾಯುತ್ತಿದ್ದ. ಕ್ರೊವೇಷಿಯಾ ಪರ ಮೊದಲ ಪಂದ್ಯ ಆಡಿದ್ದು 2009ರಲ್ಲೇ. ಆದರೆ ಅವನ ಮುಂದೆ ಸ್ಟಿಪೆ ಪ್ಲೆಟಿಕೋಸಾ ಇದ್ದ, 114 ಅಂತರರಾಷ್ಟ್ರೀಯ ಪಂದ್ಯ ಆಡಿದವನು. ಫಾರ್ವರ್ಡ್ ಆದರೆ ಕೊನೆಯ 20 ನಿಮಿಷಕ್ಕಾದರೂ ಇಳಿಸುತ್ತಾರೆ. ಎರಡನೇ ಕೀಪರ್‌ಗೆ ಆ ಭಾಗ್ಯ ಇಲ್ಲ. 2014ರ ವಿಶ್ವಕಪ್ ಪೂರ್ತಿ ಬೆಂಚ್ ಮೇಲೆ ಕೂತು ನೋಡಿದ. ಪ್ಲೆಟಿಕೋಸಾ ಬಿಟ್ಟ ಮೇಲೇ ಇವನ ಸರದಿ ಬಂದಿದ್ದು.

ಕ್ಲಬ್ ವಿಷಯಕ್ಕೆ ಬಂದರೆ, ಝಾದರ್‌ನಿಂದ ಹೈದುಕ್ ಸ್ಪ್ಲಿಟ್‌ಗೆ ಹೋದ, 2010ರಲ್ಲಿ ಕ್ರೊವೇಷಿಯನ್ ಕಪ್ ಗೆದ್ದ. 2012ರ ಜನವರಿಯಲ್ಲಿ ಮೊನಾಕೊ. ಮೊನಾಕೊ ಅಂದ ಕೂಡಲೇ ದೊಡ್ಡ ಕ್ಲಬ್ ಅಂದುಕೊಳ್ಳಬೇಡಿ. ಆಗ ಅದು ಫ್ರಾನ್ಸ್‌ನ ಎರಡನೇ ಲೀಗ್‌ನಲ್ಲಿ ಒದ್ದಾಡುತ್ತಿತ್ತು. ಆ ಸೀಸನ್‌ನ ಕೊನೆಯ ಪಂದ್ಯದಲ್ಲಿ, ಬುಲೋನ್ ವಿರುದ್ಧ, ಸುಬಾಶಿಚ್ ನೇರ ಫ್ರೀ ಕಿಕ್‌ನಿಂದ ಒಂದು ಗೋಲೂ ಹೊಡೆದ! ಕೀಪರ್ ಹೊಡೆದ ಫ್ರೀ ಕಿಕ್ ಗೋಲ್, ಸಿಕ್ಕರೆ ಖಂಡಿತ ನೋಡಿ. ಮರುವರ್ಷ ಮೊನಾಕೊ ಎರಡನೇ ಲೀಗ್ ಗೆದ್ದು ಮೇಲೆ ಬಂತು. 2016–17ರಲ್ಲಿ ಫ್ರಾನ್ಸ್‌ನ ಚಾಂಪಿಯನ್ ಆಯಿತು, ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ತಲುಪಿತು. ಎಂಬಪೆ ಇದ್ದ ತಂಡ ಅದು, ಎಲ್ಲರೂ ಅವನ ಬಗ್ಗೆಯೇ ಮಾತಾಡುತ್ತಾರೆ. ಆ ವರ್ಷದ ಫ್ರೆಂಚ್ ಲೀಗ್‌ನ ಅತ್ಯುತ್ತಮ ಗೋಲ್‌ಕೀಪರ್ ಪ್ರಶಸ್ತಿ ಹೋಗಿದ್ದು ಸುಬಾಶಿಚ್‌ಗೆ.

ಎಡಗಾಲು:
ಚೆನ್ನಾಗಿ ಬರೆದಿದ್ದೀರಿ. ಆದರೂ ಒಂದು ಮಾತು. ಕ್ರೊವೇಷಿಯಾದ ಕೀಪರ್ ಅಂದರೆ ನನಗೆ ಡೊಮಿನಿಕ್ ಲಿವಾಕೊವಿಚ್ ಒಂದು ಕೈ ಮೇಲೆ. 2022ರ ವಿಶ್ವಕಪ್‌ನಲ್ಲಿ ಜಪಾನ್ ವಿರುದ್ಧ ಅವನೂ ಮೂರು ಪೆನಾಲ್ಟಿ ತಡೆದ. ಬ್ರೆಜಿಲ್ ವಿರುದ್ಧ ಪಂದ್ಯದುದ್ದಕ್ಕೂ ಗೋಡೆ ಥರ ನಿಂತ, ಶೂಟೌಟ್‌ನಲ್ಲಿ ರೊಡ್ರಿಗೊನ ಮೊದಲ ಕಿಕ್ಕನ್ನೇ ಹಿಡಿದುಹಾಕಿದ. ಅವನೂ ಝಾದರ್‌ನವನೇ. ಒಂದೇ ಊರಿನಿಂದ ಇಬ್ಬರು ಇಂಥ ಕೀಪರ್‌ಗಳು!

ಹಳೇಕೀಪರ್:
ಬ್ರೆಜಿಲ್ ವಿರುದ್ಧ ಲಿವಾಕೊವಿಚ್ ಆಡಿದ 120 ನಿಮಿಷದಷ್ಟು ಒಳ್ಳೆಯ ಆಟವನ್ನು ಸುಬಾಶಿಚ್ ವಿಶ್ವಕಪ್‌ನಲ್ಲಿ ಆಡಿಲ್ಲ, ಒಪ್ಪುತ್ತೇನೆ. ಆದರೆ 2018ರ ರಷ್ಯಾ ಪಂದ್ಯ ನೆನಪಿಸಿಕೊಳ್ಳಿ. ಸೋಚಿ, ಕ್ವಾರ್ಟರ್ ಫೈನಲ್, 1–1. ಆಟ ಮುಗಿಯುವ ಹೊತ್ತಿಗೆ ಹೊರಗೆ ಹೋಗುತ್ತಿದ್ದ ಚೆಂಡಿನ ಹಿಂದೆ ಓಡಿದ ಸುಬಾಶಿಚ್ ತೊಡೆಯ ಹಿಂಭಾಗ ಹಿಡಿದುಕೊಂಡು ಬಿದ್ದ. ಹ್ಯಾಮ್‌ಸ್ಟ್ರಿಂಗ್. ಅಷ್ಟರಲ್ಲಿ ತಂಡ ಮಾಡಬಹುದಾದ ಮೂರೂ ಆಟಗಾರರ ಬದಲಾವಣೆ ಮುಗಿದಿದ್ದವು. ಹೆಚ್ಚುವರಿ ಆಟದಲ್ಲಿ ನಾಲ್ಕನೆಯದು ಸಿಕ್ಕಿತು, ಆದರೆ ಅಲ್ಲಿ ತಂಡದ ಡಿಫೆಂಡರ್ ವ್ರಸಾಲ್ಕೊಗೆ ಪೆಟ್ಟಾಯಿತು. ಅದೂ ಖರ್ಚಾಯಿತು. ಸುಬಾಶಿಚ್ ನಿಲ್ಲಲೇಬೇಕಾಯಿತು.

ಕೀಪರ್ ಹಾರುವಾಗ ಬಲವೆಲ್ಲ ಬರುವುದು ತೊಡೆಯಿಂದ. ಅದೇ ಕೆಟ್ಟರೆ ಪಕ್ಕಕ್ಕೆ ಸುಮ್ನೆ ಕುಸಿಯಬಹುದು ಅಷ್ಟೇ. ನನಗೂ ಒಮ್ಮೆ ಹಾಗೇ ಆಗಿತ್ತು. ನಿಂತಲ್ಲೇ ಕಣ್ಣು ಕತ್ತಲೆ ಬಂತು, 10 ನಿಮಿಷ ಕೂಡ ಆಡಲು ಆಗಲಿಲ್ಲ. ಸುಬಾಶಿಚ್ ಅರ್ಧ ಗಂಟೆಗಿಂತ ಜಾಸ್ತಿ ಆಡಿ, ಶೂಟೌಟ್‌ಗೂ ನಿಂತ. ರಷ್ಯಾದ ಮೊದಲ ಕಿಕ್ ಸ್ಮೋಲೊವ್‌ನದು. ಸುಬಾಶಿಚ್ ಬಲಕ್ಕೆ ಬೀಳುತ್ತಿದ್ದ, ಚೆಂಡು ಮೆಲ್ಲಗೆ ಅವನ ಹಿಂದೆ, ಅವನು ಬಿಟ್ಟ ಜಾಗದತ್ತ ಬಂತು. ಬೀಳುತ್ತಲೇ ಎಡಗೈ ಮೇಲೆತ್ತಿ ತಡೆದ. ಶೂಟೌಟ್ 4–3. ಆಮೇಲೆ ಸೆಮಿಫೈನಲ್, ಫೈನಲ್ ಎರಡನ್ನೂ ಆಡಿದ.

ಕಾರ್ನರ್‌ಬಾವುಟ:
ಒಂದು ಸಂಶಯ. ಡೆನ್ಮಾರ್ಕ್ ಶೂಟೌಟ್‌ನಲ್ಲಿ ಕೀಪರ್‌ಗಳು ಗೆರೆ ಬಿಟ್ಟು ಮುಂದೆ ಬಂದಿದ್ದರು ಅಂತ ಆಗ ಮಾತು ಬಂದಿತ್ತು. ಅದು ಮೋಸ ಆಗಲಿಲ್ವಾ?

ಹಳೇಕೀಪರ್:
ಸುಬಾಶಿಚ್, ಡೆನ್ಮಾರ್ಕ್‌ನ ಕೀಪರ್ ಶ್ಮೈಕೆಲ್ ಇಬ್ಬರೂ ಮುಂದೆ ಬಂದಿದ್ದರು. ರೆಫರಿ ಯಾರನ್ನೂ ತಡೆಯಲಿಲ್ಲ. ಆಗಿನ ನಿಯಮದ ಪ್ರಕಾರ ಕಿಕ್ ಆಗುವವರೆಗೆ ಗೆರೆ ಬಿಡುವಂತಿರಲಿಲ್ಲ. ಎರಡು ಹೆಜ್ಜೆ ತೆಗೆಯದೆ 7.32 ಮೀಟರ್ ಅಗಲದ ಗೋಲ್‌ನಲ್ಲಿ ಮೂಲೆ ತಲುಪುವುದು ಯಾರಿಗೂ ಕಷ್ಟ, ಹಾಗಾಗಿ ಎಲ್ಲ ಕೀಪರ್‌ಗಳೂ ಸ್ವಲ್ಪ ಕದಿಯುತ್ತಿದ್ದರು. 2019ರಲ್ಲಿ ನಿಯಮ ಬದಲಾಯಿತು. ಒಂದು ಪಾದದ ಸ್ವಲ್ಪ ಭಾಗ ಗೆರೆಯ ಮೇಲಿದ್ದರೆ ಸಾಕು. ಶ್ಮೈಕೆಲ್ ಅವತ್ತು ಒಟ್ಟು ಮೂರು ತಡೆದಿದ್ದ, 116ನೇ ನಿಮಿಷದ ಮೊಡ್ರಿಚ್ ಪೆನಾಲ್ಟಿ ಸೇರಿ. ಅವನಿಗೂ ಅಷ್ಟೇ ಗೌರವ ಕೊಡಬೇಕು.

ಸಂಜೆಮ್ಯಾಚ್:
ಇಷ್ಟೆಲ್ಲ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್ ಸರ್. ಚುಸ್ತಿಚ್ ವಿಷಯ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ. ಆಮೇಲೆ ಸುಬಾಶಿಚ್ ಏನಾದ?

ಹಳೇಕೀಪರ್:
ಫೈನಲ್ ಆಗಿ ಒಂದೇ ತಿಂಗಳಲ್ಲಿ ದೇಶದ ತಂಡ ಬಿಟ್ಟ. ಒಟ್ಟು 44 ಪಂದ್ಯ, ಅಷ್ಟೇ. ಮೊನಾಕೊದಲ್ಲಿ ಗಾಯಗಳು ಬಿಡಲಿಲ್ಲ, ಜಾಗವೂ ಹೋಯಿತು. 2020ರಲ್ಲಿ ಅಲ್ಲಿಂದ ಹೊರಟ. ಮರುವರ್ಷ ಜನವರಿಯಲ್ಲಿ ಮತ್ತೆ ಹೈದುಕ್ ಸೇರಿದ. ಅದೇ ಕೊನೆಯ ಕ್ಲಬ್.

ರಷ್ಯಾ ಪಂದ್ಯ ನೋಡುವುದಾದರೆ 85ನೇ ನಿಮಿಷದಿಂದ ನೋಡಿ. ಪ್ರತಿ ಸಲ ಕೆಳಗೆ ಬಿದ್ದು ಏಳುವಾಗ ಅವನ ಕೈ ಎಲ್ಲಿಗೆ ಹೋಗುತ್ತದೆ ಗಮನಿಸಿ.