ವಯಸ್ಸಾದ ಮೇಲೆ ಕ್ರಿಯೇಟಿವ್ ಆಗಿ ಏನಾದ್ರೂ ಮಾಡಿದ್ರೆ ಮನಸ್ಸು ಗಟ್ಟಿಯಾಗತ್ತೆ ಅಂತಾರಲ್ಲ, ನಿಜಾನಾ?

ಮೂಲೆಕಿಟಕಿ ಕೇಳಿದ್ದು:

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗತ್ತೆ, ಕ್ಷಮಿಸಿ.

ನಮ್ಮಪ್ಪಂಗೆ ಈಗ 73. ಡ್ರಾಫ್ಟ್ಸ್‌ಮನ್ ಆಗಿದ್ರು, ಬೋರ್ಡಿಗೆ ಶೀಟು ಅಂಟಿಸ್ಕೊಂಡು ಮಷೀನ್ ಪಾರ್ಟ್‌ಗಳ ಡ್ರಾಯಿಂಗ್ ಬಿಡಿಸೋ ಕೆಲಸ, ಕಂಪ್ಯೂಟರ್ ಬಂದ್ಮೇಲೆ ಅದನ್ನೂ ಕಲ್ತು ರಿಟೈರ್ ಆಗೋವರೆಗೂ ಅದೇ ಮಾಡಿದ್ರು. ಅಮ್ಮ ತೀರ್ಕೊಂಡ ಮೇಲೆ ನಾವು ಹೆದರಿದಷ್ಟೇನೂ ಕುಸೀಲಿಲ್ಲ, ಊಟ ಸರಿ ಇದೆ, ನಿದ್ದೆ ಸರಿ ಇದೆ, ಬೆಳಿಗ್ಗೆ ವಾಕಿಂಗ್ ತಪ್ಪಿಸಲ್ಲ. ಆದ್ರೆ ಉಳಿದ ಹೊತ್ತೆಲ್ಲ ಟಿವಿ ಮುಂದೆ, ಏನಪ್ಪಾ ನೋಡ್ತಿದ್ರಿ ಅಂದ್ರೆ ಅವರಿಗೇ ಗೊತ್ತಿರಲ್ಲ. ಮಾತಾಡಿಸಿದ್ರೆ ಮಾತಾಡ್ತಾರೆ, ಇಲ್ಲಾಂದ್ರೆ ಇಲ್ಲ.

ಅಣ್ಣ ಎಲ್ಲೋ ಓದ್ಕೊಂಡು ಬಂದು ದೊಡ್ಡವರ ಕಲರಿಂಗ್ ಬುಕ್ಕು, ಕಲರ್ ಪೆನ್ಸಿಲ್ ಸೆಟ್ಟು ತಂದ್ಕೊಟ್ಟ. ಅಪ್ಪ ನಾಲ್ಕು ಪುಟ ತಿರುವಿ ಹಾಕಿ "ಗೆರೆ ಎಲ್ಲಾ ಇನ್ಯಾರೋ ಎಳೆದಿಟ್ಟಿದಾರಲ್ಲೋ, ಇನ್ನು ನಂಗೇನಿದೆ ಕೆಲಸ ಇದ್ರಲ್ಲಿ" ಅಂದು ವಾಪಸ್ ಕೊಟ್ರು.

ನನ್ನ ಪ್ರಶ್ನೆ ಇಷ್ಟೇ. ವಾಟ್ಸಾಪಲ್ಲಿ ದಿನಾ ಬರತ್ತಲ್ಲ, ಚಿತ್ರ ಬಿಡಿಸಿ ಹಾಡು ಹೇಳಿ ಮೆದುಳು ಯಂಗ್ ಆಗತ್ತೆ ಅಂತೆಲ್ಲ, ಅದ್ರಲ್ಲಿ ಹುರುಳಿದೆಯಾ? ಇದ್ರೆ ಎಂಥದ್ದು ಮಾಡ್ಬೇಕು? ಒತ್ತಾಯ ಮಾಡ್ದೆ ಹೇಗೆ ಶುರು ಮಾಡಿಸೋದು?

---

ಕಪ್ಪುಬಿಳಿಚೌಕ:

ನಿಮ್ಮ ತಂದೆ ಹೇಳಿದ್ದರಲ್ಲಿ ಉತ್ತರ ಇದೆ ತಾಯಿ. ಗೆರೆ ಎಳೆಯೋದೇ ಜೀವನ ಆಗಿದ್ದ ಮನುಷ್ಯನಿಗೆ ಬೇರೆಯವರ ಗೆರೆಯೊಳಗೆ ಬಣ್ಣ ತುಂಬು ಅಂದ್ರೆ ಆತ ಇನ್ನೇನು ಅಂದಾನು.

ನಂಗೆ 76. ಪದಬಂಧ ಮಾಡ್ತೀನಿ. ಬಿಡಿಸೋದಲ್ಲ, ಕಟ್ಟೋದು. ಒಂಬತ್ತು ಒಂಬತ್ತು ಚೌಕ, ಕಪ್ಪು ಮನೆಗಳು ತಿರುಗಿಸಿ ಹಿಡಿದ್ರೂ ಹಾಗೇ ಕಾಣ್ಬೇಕು, ಅದು ನಾನೇ ಹಾಕ್ಕೊಂಡಿರೋ ರೂಲು. ಮೇಲಿನ ಅರ್ಧ ಸಲೀಸಾಗಿ ತುಂಬ್ಕೊಳ್ಳತ್ತೆ, ಬಲಗಡೆ ಮೂಲೆಗೆ ಬರೋ ಹೊತ್ತಿಗೆ ಪ್ರಾಣ ಹಿಂಡತ್ತೆ. ಮೊನ್ನೆ ಅಡ್ಡಕ್ಕೆ ಕನವರಿಕೆ ಅಂತ ಹಾಕಿದ್ದೆ, ಚೆನ್ನಾಗಿತ್ತು, ತೆಗೆಯೋಕೆ ಮನಸ್ಸಿಲ್ಲ. ಈಗ ಆ ಕೊನೇ 'ಕೆ' ಇಂದ ಕೆಳಕ್ಕೆ ನಾಲ್ಕಕ್ಷರ ಬೇಕು. ಕೆಳದಿ ಅಂದ್ರೆ ಮೂರೇ ಆಯ್ತು, ಕೆಲಸಗಾರ ಅಂದ್ರೆ ಐದಾಗ್ಹೋಯ್ತು, ಅಳಿಸಿ ಅಳಿಸಿ ಪೇಪರ್ ತೂತು ಬೀಳೋ ಹಾಗಾಯ್ತು. ಬಿಟ್ಟು ಮಲಗಿದೆ. ಬೆಳಿಗ್ಗೆ ಹಲ್ಲುಜ್ಜುವಾಗ 'ಕೆಳಗಡೆ' ಅಂತ ಹೊಳೀತು! ಅದಕ್ಕೆ ಸುಳಿವು ಕೊಟ್ಟಿದ್ದು "ಈ ಪದ ಹೊರಟಿರೋ ಕಡೆ". ಇಡೀ ದಿನ ನನ್ನಷ್ಟಕ್ಕೆ ನಾನೇ ನಗ್ತಿದ್ದೆ, ಮನೆಯವರು ಏನಾಯ್ತಪ್ಪಾ ಇವರಿಗೆ ಅಂತ ನೋಡ್ತಿದ್ರು.

ನನ್ನಾಕೆ ಹೋಗಿ ಕೆಲವು ವರ್ಷ ಆಯ್ತು. ಪದಬಂಧದಿಂದ ದುಃಖ ಕಮ್ಮಿಯಾಯ್ತು ಅಂತ ಹೇಳಿದ್ರೆ ಸುಳ್ಳಾಗತ್ತೆ. ಆದ್ರೆ ಆ ಮೂಲೆ ತುಂಬೋ ಒಂದು ಗಂಟೆ ತಲೇಲಿ ಬೇರೆ ಯಾವುದಕ್ಕೂ ಜಾಗ ಇರಲ್ಲ, ಮತ್ತೆ ಕೆಟ್ಟದ್ದನ್ನ ನಾನೇ ಸರಿ ಮಾಡ್ಬಹುದು. ಈ ವಯಸ್ಸಲ್ಲಿ ಮಂಡಿ ಕೆಟ್ರೆ ನಾವು ಸರಿ ಮಾಡ್ಕೊಳ್ಳೋಕಾಗಲ್ಲ, ಹೋದವರನ್ನ ವಾಪಸ್ ಕರೆಯೋಕಾಗಲ್ಲ. ಕೆಟ್ಟ ಮೂಲೆ ಮಾತ್ರ ಅಳಿಸಿ ಮತ್ತೆ ಬರೀಬಹುದು.

ಇನ್ನೊಂದು ವಿಷಯ, ಕಟ್ಟಿದ್ದನ್ನ ಒಂದಿಷ್ಟು ಹಳೇ ಸ್ನೇಹಿತರಿಗೆ ಕಳಿಸ್ತೀನಿ. ಒಬ್ಬ ಇದಾನೆ, ಪ್ರತಿ ಸಲ ಫೋನ್ ಮಾಡಿ ಹದಿನೇಳನೇ ಸುಳಿವು ತಪ್ಪು ಅಂತ ಜಗಳ ತೆಗೀತಾನೆ. ಅವನು ಫೋನ್ ಮಾಡ್ಲಿಲ್ಲ ಅಂದ್ರೆ ನಂಗೆ ಸಮಾಧಾನ ಇಲ್ಲ. ಮಾಡಿದ್ದಕ್ಕೆ ಕಾಯೋರು, ಬೈಯೋರು ಯಾರಾದ್ರೂ ಒಬ್ರು ಇರ್ಬೇಕು.

---

ಅರ್ಧಓದಿದಪುಸ್ತಕ:

ನಾನು ಸೈಕಾಲಜಿ ಪಾಠ ಮಾಡೋಳು, ವೃದ್ಧಾಪ್ಯದ ಬಗ್ಗೆ ಓದ್ತಿರ್ತೀನಿ. ಮೂಲೆಕಿಟಕಿ ಅವರ ಮೊದಲ ಪ್ರಶ್ನೆಗೆ: ಹುರುಳಿದೆ, ಆದ್ರೆ ಫಾರ್ವರ್ಡ್‌ಗಳಲ್ಲಿ ಹೇಳೋಷ್ಟು ಇಲ್ಲ.

ಅಮೆರಿಕದಲ್ಲಿ ಜೀನ್ ಕೋಹೆನ್ ಅಂತ ವೃದ್ಧರ ಮನೋವೈದ್ಯರಿದ್ರು, 2001ರಲ್ಲಿ ಶುರು ಮಾಡಿದ ಅಧ್ಯಯನ ಅವರದ್ದು. ಮೂರು ಊರುಗಳಲ್ಲಿ 65 ದಾಟಿದ ಸುಮಾರು 300 ಜನ, ಸರಾಸರಿ ವಯಸ್ಸೇ 80ರ ಹತ್ರ. ಒಂದು ಗುಂಪಿಗೆ ವೃತ್ತಿಪರ ಕಲಾವಿದರಿಂದ ನಿಯಮಿತವಾಗಿ ಹಾಡೋದು, ಬರೆಯೋದು, ಚಿತ್ರ ಇತ್ಯಾದಿ, ಇನ್ನೊಂದು ಗುಂಪು ತಮ್ಮ ಪಾಡಿಗೆ. ವಾಷಿಂಗ್ಟನ್ನಿನಲ್ಲಿ ಹಾಡೋ ಗುಂಪಿನವರು ಡಾಕ್ಟರ್ ಹತ್ರ ಕಮ್ಮಿ ಹೋದ್ರು, ಬೀಳೋದು ಕಮ್ಮಿ ಆಯ್ತು, ಒಂಟಿತನ ಕೂಡ ಇನ್ನೊಂದು ಗುಂಪಿಗಿಂತ ಕಮ್ಮಿ ಇತ್ತು. ಕೇಳೋಕೆ ಭರ್ಜರಿಯಾಗಿದೆ, ಆದ್ರೆ ಯಾರು ಯಾವ ಗುಂಪಿಗೆ ಅನ್ನೋದನ್ನ ಚೀಟಿ ಎತ್ತಿ ಹಂಚಿರಲಿಲ್ಲ, ಹಾಗಾಗಿ ಮೊದ್ಲೇ ಹುಮ್ಮಸ್ಸು ಇದ್ದೋರೇ ಹಾಡೋಕೆ ಬಂದಿರಬಹುದು ಅನ್ನೋ ಅನುಮಾನ ಉಳಿಯತ್ತೆ.

ಅದೇ ತೊಂದ್ರೆ 2019ರಲ್ಲಿ ಬಿಎಂಜೆ ಅನ್ನೋ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ದೊಡ್ಡ ಅಧ್ಯಯನಕ್ಕೂ ಇದೆ. ಇಂಗ್ಲೆಂಡಿನ 50 ದಾಟಿದ 6,710 ಜನರನ್ನ ಸುಮಾರು 14 ವರ್ಷ ಗಮನಿಸಿದ್ರು, ಕೆಲವು ತಿಂಗಳಿಗೊಮ್ಮೆಯಾದ್ರೂ ನಾಟಕ, ಸಂಗೀತ, ಮ್ಯೂಸಿಯಂ ಅಂತ ಹೋಗೋರಲ್ಲಿ ಸಾವಿನ ಅಪಾಯ 31% ಕಮ್ಮಿ ಕಂಡ್ತು. ವಾಟ್ಸಾಪ್ ಇದನ್ನ "ಕಲೆಯಿಂದ ಆಯುಷ್ಯ ಹೆಚ್ಚತ್ತೆ" ಅಂತ ಮಾಡತ್ತೆ. ಓಡಾಡೋಕೆ ಶಕ್ತಿ, ಕೈಯಲ್ಲಿ ದುಡ್ಡು ಇದ್ದೋರು ತಾನೇ ನಾಟಕಕ್ಕೆ ಹೋಗೋದು? ಸಂಶೋಧಕರು ಅದನ್ನೆಲ್ಲ ಲೆಕ್ಕಕ್ಕೆ ತಗೊಂಡಿದಾರೆ, ಆದ್ರೂ ಇದೇ ಕಾರಣ ಅಂತ ಹೇಳೋಕೆ ಬರಲ್ಲ.

ನಂಗೆ ಜಾಸ್ತಿ ನಂಬಿಕೆ ಇರೋದು ಅಮೆರಿಕದ ಮನಶ್ಶಾಸ್ತ್ರಜ್ಞೆ ಡೆನಿಸ್ ಪಾರ್ಕ್ ಅವರ ತಂಡ 2014ರಲ್ಲಿ ಪ್ರಕಟಿಸಿದ್ದರ ಮೇಲೆ. 60ರಿಂದ 90ರ ವಯಸ್ಸಿನೋರು ಮೂರು ತಿಂಗಳು, ವಾರಕ್ಕೆ ಸುಮಾರು 15 ಗಂಟೆ, ಡಿಜಿಟಲ್ ಫೋಟೊಗ್ರಫಿನೋ ಕ್ವಿಲ್ಟ್ (ನಮ್ಮ ಕೌದಿ ತರದ್ದು) ಹೊಲಿಯೋದೋ ಹೊಸದಾಗಿ ಕಲಿತ್ರು. ಇನ್ನೊಂದು ಗುಂಪು ಅಷ್ಟೇ ಹೊತ್ತು ಕೂತು ಹರಟೆ, ಆಟ, ಸುತ್ತಾಟ ಮಾಡ್ತು. ನೆನಪಿನ ಶಕ್ತಿ ಸುಧಾರಿಸಿದ್ದು ಕಷ್ಟಪಟ್ಟು ಕಲಿತವರಲ್ಲಿ. ಅಂದ್ರೆ ಬರೀ ಹೊತ್ತು ಕಳೆದ್ರೆ ಸಾಲದು, ಸ್ವಲ್ಪ ತಿಣುಕಾಡ್ಬೇಕು. ನಿಮ್ಮಪ್ಪ ಕಲರಿಂಗ್ ಬುಕ್ ವಾಪಸ್ ಕೊಟ್ಟಿದ್ದು ನಂಗೆ ಒಳ್ಳೇ ಲಕ್ಷಣ ಅನ್ಸತ್ತೆ, ಸುಲಭದ್ದು ಬೇಡ ಅಂತಿದಾರೆ.

ಕಪ್ಪುಬಿಳಿಚೌಕ ಸರ್, ನಿಮ್ಮದು ಇನ್ನೂ ಸ್ವಾರಸ್ಯ. ಥಟ್ಟಂತ ಲೆಕ್ಕ ಹಾಕೋ ವೇಗ ನಡುವಯಸ್ಸಿಗೆ ಮುಂಚೇನೇ ಇಳಿಯೋಕೆ ಶುರುವಾಗತ್ತೆ, ಆದ್ರೆ ಪದಸಂಪತ್ತು, ಅನುಭವದಿಂದ ಬಂದ ತಿಳಿವು ಅರವತ್ತರಾಚೆಗೂ ಗಟ್ಟಿಯಾಗೇ ಇರತ್ತೆ. ನೀವು ಕರಗದೇ ಇರೋ ಬಂಡವಾಳದ ಮೇಲೆ ವ್ಯಾಪಾರ ಮಾಡ್ತಿದೀರಿ.

---

ಬೇವಿನಕಡ್ಡಿ:

ಎಲ್ಲಾ ಸರಿ, ಒಂದು ಕಹಿ ಮಾತು ಹೇಳ್ತೀನಿ. ನಲವತ್ತು ವರ್ಷ ದುಡಿದು ಬಂದು ಕೂತ್ರೆ ಈಗ ಮುದಿತನಕ್ಕೂ ಹೋಂವರ್ಕ್ ಕೊಡ್ತೀರಲ್ರೀ. ಎಂಬತ್ತಕ್ಕೆ ಬ್ರಷ್ ಹಿಡಿದು ಹೆಸರು ಮಾಡಿದವರ ಕಥೆ ಎಲ್ರೂ ಹೇಳ್ತಾರೆ, ಎಂಬತ್ತಕ್ಕೆ ಬ್ರಷ್ ಹಿಡಿದು ಏನೂ ಆಗ್ದೇ ಇದ್ದೋರ ಕಥೆ ಬರೆಯೋರ್ಯಾರು? ಸುಮ್ನೆ ಕಿಟಕಿ ಹತ್ರ ಕೂತ್ಕೊಂಡ್ರೆ ತಪ್ಪಾ? ನಂಗೆ 68, ಯಾವ ಹವ್ಯಾಸಾನೂ ಇಲ್ಲ, ಹಾಯಾಗಿದೀನಿ. ಮಕ್ಕಳಿಗೆ ಅಪ್ಪ ಸುಮ್ನೆ ಕೂತಿದ್ರೆ ಭಯ, ಅದಕ್ಕೆ ಏನಾದ್ರೂ ಕೈಗೆ ಕೊಡ್ಬೇಕು. ಔಷಧಿ ಯಾರಿಗೆ ಅನ್ನೋದೇ ನಂಗೆ ಅನುಮಾನ.

---

ಅರ್ಧಓದಿದಪುಸ್ತಕ:

ಬೇವಿನಕಡ್ಡಿ ಸರ್, ಒಪ್ಪಿದೆ, ಅರ್ಧ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಲಾರಾ ಕಾರ್ಸ್ಟೆನ್ಸನ್ ಹೇಳೋದೂ ಇದೇ ತರ, ಮುಂದೆ ಸಮಯ ಕಮ್ಮಿ ಅಂತ ಗೊತ್ತಾದಾಗ ಜನ ಬೇಡದ್ದನ್ನೆಲ್ಲ ಉದುರಿಸಿ ಮನಸ್ಸಿಗೆ ಹತ್ರ ಇರೋದನ್ನ ಮಾತ್ರ ಇಟ್ಕೋತಾರೆ, ಹಾಗಾಗಿ ಎಷ್ಟೋ ವಯಸ್ಸಾದವರು ಯುವಕರಿಗಿಂತ ನೆಮ್ಮದಿಯಾಗಿರ್ತಾರೆ. ಜಾರ್ಜ್ ಬೊನಾನೊ ಅನ್ನೋ ಮನಶ್ಶಾಸ್ತ್ರಜ್ಞರ ಸಂಶೋಧನೆ ಪ್ರಕಾರ ಸಂಗಾತಿ ಕಳ್ಕೊಂಡವರಲ್ಲಿ ಬಹಳಷ್ಟು ಜನ ಯಾವ ಥೆರಪಿನೂ ಇಲ್ದೆ ಎದ್ದು ನಿಲ್ತಾರೆ. ಆದ್ರೆ ಹಾಯಾಗಿ ಸುಮ್ನೆ ಕೂರೋದಕ್ಕೂ, ಟಿವೀಲಿ ಏನು ಬಂತು ಅಂತ ಗೊತ್ತಿಲ್ದೆ ಕೂರೋದಕ್ಕೂ ವ್ಯತ್ಯಾಸ ಇದೆ ಅಲ್ವಾ. ನೀವು ಮೊದಲನೇದು.

---

ನಿಧಾನಗತಿ:

ಚಿತ್ರಕಲಾ ಟೀಚರ್ ಆಗಿದ್ದೆ, ಈಗ ಕೈ ನಡುಗತ್ತೆ. ಡಾಕ್ಟರ್ ಹೇಳೋ ಪ್ರಕಾರ ಪಾರ್ಕಿನ್ಸನ್ಸ್ ಅಲ್ಲ, ಬರೀ ನಡುಕದ ಕಾಯಿಲೆ, ಲೋಟ ಹಿಡಿದ್ರೂ ಪೆನ್ನು ಹಿಡಿದ್ರೂ ಶುರು.

ಮೂಲೆಕಿಟಕಿ ಅವರೇ, ನಿಮ್ಮ ತಂದೆಯವರ ಕೈ ಹೇಗಿದೆ ಅಂತ ಗಮನಿಸಿದೀರಾ? ಕೇಳ್ತಿರೋದು ಯಾಕೆ ಅಂದ್ರೆ, ಒಂದು ಕೆಲಸ ಅಚ್ಚುಕಟ್ಟಾಗಿ ಮಾಡಿ ಗೊತ್ತಿರೋರಿಗೆ ಅದನ್ನೇ ಹಾಳಾಗಿ ಮಾಡೋದು ಎಷ್ಟು ಹಿಂಸೆ ಅಂದ್ರೆ, ಮಾಡೋದೇ ಬೇಡ ಅಂತ ಬಿಟ್ಬಿಡ್ತಾರೆ, ಕಾರಣಾನೂ ಹೇಳಲ್ಲ. ನಾನು ಹಾಗೇ ಬ್ರಷ್‌ಗಳನ್ನ ಕಟ್ಟಿ ಅಟ್ಟಕ್ಕೆ ಹಾಕಿದ್ದೆ.

ಈಗ ಬೋರ್ಡ್ ಬರೆಯೋರು ಇಟ್ಕೋತಾರಲ್ಲ ಕೋಲು, ಪೇಪರಿಗೆ ಅಡ್ಡ ಅದನ್ನ ಹಿಡಿದು ಅದ್ರ ಮೇಲೆ ಮಣಿಕಟ್ಟು ಊರ್ಕೊಂಡು ಬಿಡಿಸ್ತೀನಿ. ಸಣ್ಣ ಬ್ರಷ್ ಬಿಟ್ಟೆ, ಅಗಲದ್ದು ತಗೊಂಡೆ. ಎಲೆಯ ನರ ಒಂದೊಂದೇ ಬರೆಯೋಕಾಗಲ್ಲ, ಬದಲಿಗೆ ಒದ್ದೆ ಕಾಗದದ ಮೇಲೆ ಬಣ್ಣ ಬಿಟ್ಟು ಅದು ಹರಡೋವಾಗ ಕಾಗದ ವಾಲಿಸ್ತೀನಿ, ನಡುಕ ಅಲ್ಲಿ ಲೆಕ್ಕಕ್ಕೇ ಬರಲ್ಲ. ಮೊದಲಿನ ಚಿತ್ರಗಳ ತರ ಇಲ್ಲ. ಕೆಲವು ಮೊದಲಿನದಕ್ಕಿಂತ ಚೆನ್ನಾಗಿವೆ ಅಂತ ಗುಟ್ಟಾಗಿ ಅನ್ಸತ್ತೆ.

ಫ್ರಾನ್ಸಿನ ಚಿತ್ರಕಾರ ಮಾತೀಸ್ ಕೂಡ 1941ರಲ್ಲಿ ಹೊಟ್ಟೆಯ ದೊಡ್ಡ ಆಪರೇಷನ್ ಆದ್ಮೇಲೆ ಹೆಚ್ಚು ಹೊತ್ತು ನಿಂತು ಬಿಡಿಸೋಕಾಗ್ದೆ, ಬಣ್ಣ ಹಚ್ಚಿದ ಕಾಗದ ಕತ್ತರಿಯಲ್ಲಿ ಕತ್ತರಿಸಿ ಅಂಟಿಸೋ ದಾರಿಗೇ ಪೂರ್ತಿ ಇಳಿದ್ರು. ಪಿಯಾನೊ ವಾದಕ ರೂಬಿನ್‌ಸ್ಟೈನ್ ವಯಸ್ಸಾದ ಮೇಲೆ ಕಮ್ಮಿ ಕೃತಿ ಇಟ್ಕೊಂಡ್ರು, ಅವನ್ನೇ ಜಾಸ್ತಿ ಅಭ್ಯಾಸ ಮಾಡಿದ್ರು, ವೇಗದ ಭಾಗ ಬರೋಕೆ ಮುಂಚೆ ಬೇಕಂತಲೇ ನಿಧಾನ ಮಾಡ್ತಿದ್ರು, ಆಗ ಮುಂದಿನದ್ದು ವೇಗವಾಗಿ ಕೇಳಿಸತ್ತೆ! ಪಾಲ್ ಬಾಲ್ಟೆಸ್ ಅನ್ನೋ ಮನಶ್ಶಾಸ್ತ್ರಜ್ಞ ವಯಸ್ಸಾಗೋದನ್ನ ನಿಭಾಯಿಸೋದು ಹೇಗೆ ಅನ್ನೋಕೆ ಇದನ್ನೇ ಉದಾಹರಣೆ ಕೊಡ್ತಿದ್ರು. ಬೇವಿನಕಡ್ಡಿಯವರೇ, ಇದು ಹೆಸರು ಮಾಡೋ ಕಥೆ ಅಲ್ಲ, ಸೋತ ಕೈಯಲ್ಲಿ ಕೆಲಸ ನಡೆಸೋ ಉಪಾಯ.

---

ರಾತ್ರಿಪಾಳಿ:

ವೃದ್ಧರ ವಾರ್ಡಲ್ಲಿ ನರ್ಸ್ ಆಗಿ ಬಹಳ ವರ್ಷದಿಂದ ಇದೀನಿ. ಎಲ್ರೂ ಕಲೆ ಬಗ್ಗೆ ಮಾತಾಡ್ತಿದೀರಿ, ಅದಕ್ಕೆ ಮುಂಚೆ ನೋಡ್ಬೇಕಾದ್ದು ಬೇರೆ ಇದೆ.

ವಯಸ್ಸಾದವರ ಡಿಪ್ರೆಶನ್ ಅಳೋ ರೂಪದಲ್ಲೇ ಬರ್ಬೇಕಂತಿಲ್ಲ. ಯಾವುದ್ರಲ್ಲೂ ಆಸಕ್ತಿ ಇಲ್ಲ, ಮೈಕೈ ನೋವು, ಮರೆವು, ಸಿಡುಕು, ಹೀಗೂ ಬರತ್ತೆ. ದಿನದ ಹೆಚ್ಚು ಹೊತ್ತು, ಎರಡು ವಾರಕ್ಕಿಂತ ಜಾಸ್ತಿ ಹೀಗಿದ್ರೆ ಡಾಕ್ಟರಿಗೆ ತೋರಿಸಿ. ಥೈರಾಯ್ಡ್, ಬಿ12 ನೋಡಿಸಿ, ತಗೊಳ್ತಿರೋ ಮಾತ್ರೆಗಳ ಪಟ್ಟಿ ತಗೊಂಡ್ಹೋಗಿ, ಕೆಲವು ಮಾತ್ರೆಗಳೇ ಮಂಕು ಮಾಡತ್ತೆ. ಬದುಕಿದ್ದೇನು ಪ್ರಯೋಜನ ಅನ್ನೋ ತರ ಮಾತು ಬಂದ್ರೆ ಅವತ್ತೇ ಕರ್ಕೊಂಡ್ಹೋಗಿ. ವಯಸ್ಸಾದ್ಮೇಲೆ ಇದೆಲ್ಲ ಇದ್ದಿದ್ದೇ ಅಂತ ಬಿಟ್ಟು ಬಿಟ್ಟು ತಡವಾಗಿ ಬರೋರನ್ನ ನೋಡಿ ನೋಡಿ ಸಾಕಾಗಿದೆ. ಚಿಕಿತ್ಸೆ ಕೆಲಸ ಮಾಡತ್ತೆ, 80ರಲ್ಲೂ.

ಮತ್ತೆ ಕಿವಿ. ಟಿವಿ ನೋಡಿದ್ರೂ ಏನು ಬಂತು ಗೊತ್ತಿಲ್ಲ, ಮಾತಾಡಿಸಿದ್ರೆ ಮಾತ್ರ ಮಾತು ಅಂದ್ರಲ್ಲ, ನಂಗೆ ಮೊದ್ಲು ಬಂದ ಅನುಮಾನ ಅದೇ. ಕೇಳಿಸದೇ ಇರೋರು ಕೇಳಿಸ್ತಿಲ್ಲ ಅನ್ನಲ್ಲ, ಸುಮ್ನಾಗ್ತಾರೆ.

---

ಮೂಲೆಕಿಟಕಿ:

ಎಲ್ರಿಗೂ ಥ್ಯಾಂಕ್ಸ್. ರಾತ್ರಿಪಾಳಿ ಮೇಡಂ, ಕಿವಿ ವಿಷಯ ಓದಿ ತಲೆ ಗಿರ್ರಂತು, ವಾಲ್ಯೂಮ್ ಎಷ್ಟಿರತ್ತೆ ಅಂತ ನೆನಪಿಸ್ಕೊಂಡ್ರೆ ಹೌದು ಅನ್ಸತ್ತೆ. ಸಾಯೋ ಮಾತೇನೂ ಆಡಿಲ್ಲ, ನೇರವಾಗೇ ಕೇಳಿದೆ, "ಹುಚ್ಚು ಹುಡುಗಿ" ಅಂತ ಬೈದ್ರು.

ಇನ್ನೊಂದು ನಡೀತು. ಮಗನ ಸ್ಕೂಲ್ ಪ್ರಾಜೆಕ್ಟು, ಹಿಡಿ ತಿರುಗಿಸಿದ್ರೆ ರಟ್ಟಿನ ಹಕ್ಕಿ ಮೇಲೆ ಕೆಳಗೆ ಆಗ್ಬೇಕು. ಹಿಡಿ ಜೊತೆ ತಿರುಗಿ ಹಕ್ಕೀನ ಎತ್ತೋ ಬಿಲ್ಲೆಗೆ ಕ್ಯಾಮ್ ಅಂತಾರೆ. ನಾನು ಒಂದು ಸ್ಕೆಚ್ ಗೀಚಿ ಬೇಕಂತಲೇ ಅಪ್ಪನ ಮುಂದೆ ಇಟ್ಟೆ. ಒಂದು ಕ್ಷಣ ನೋಡಿದ್ರು, "ಈ ಕ್ಯಾಮ್ ದುಂಡಗಿದೆ, ನಟ್ಟನಡುವೆ ತೂತು ಇಟ್ಟಿದೀಯ, ಸಾಯೋವರೆಗೂ ತಿರುಗ್ಸಿದ್ರೂ ಹಕ್ಕಿ ಏಳಲ್ಲ" ಅಂದ್ರು. ಪೆನ್ಸಿಲ್ ಕೇಳಿದ್ರು. ಕಂಪಾಸಿನ ಮೊನೆ ಸರಿ ಇಲ್ಲ ಅಂತ ಮೊಮ್ಮಗನ್ನ ಬೈದ್ರು. ತೂತನ್ನ ಒಂದ್ಕಡೆ ಸರಿಸಿ ಮತ್ತೆ ಬಿಡಿಸಿದ್ರು, ಎರಡು ಸಲ ಅಳಿಸಿದ್ರು, ಸ್ಕೇಲ್ ಬರೆದು ಕೆಳಗೆ ಡೇಟ್ ಹಾಕಿದ್ರು! ನಿಧಾನಗತಿ ಮೇಡಂ, ಕೈ ನಡುಗಲ್ಲ, ಆದ್ರೆ ಪೇಪರ್ ತುಂಬಾ ಹತ್ರ ಇಟ್ಕೋತಿದ್ರು. ಮಾರನೇ ದಿನ ಮತ್ತೆ ಟಿವಿ ಮುಂದೇನೇ, ಹಾಗಾಗಿ ಎಲ್ಲಾ ಸರಿ ಹೋಯ್ತು ಅಂತ ಹೇಳ್ತಿಲ್ಲ.

ಕೊನೇ ಪ್ರಶ್ನೆ, ಹೀಗೆ ಮನೇಲೇ ಏನಾದ್ರೂ ಕೊಡ್ತಾ ಇರೋದಾ, ಇಲ್ಲ ಯಾವುದಾದ್ರೂ ಕ್ಲಾಸು, ಗುಂಪಿಗೆ ಸೇರಿಸೋದಾ?

---

ಅರ್ಧಓದಿದಪುಸ್ತಕ:

ಎರಡೂ ಬೇರೆ ಬೇರೆ ಕೆಲಸ ಮಾಡತ್ತೆ. ಒಂಟಿತನಕ್ಕೆ ಗುಂಪು ಒಳ್ಳೇದು. ಇಂಗ್ಲೆಂಡಿನಲ್ಲಿ 60 ದಾಟಿದ 258 ಜನರನ್ನ ಚೀಟಿ ಎತ್ತಿದ ಹಾಗೆ ಹಂಚಿ ಅರ್ಧ ಜನಕ್ಕೆ 14 ವಾರ ಗುಂಪಲ್ಲಿ ಹಾಡಿಸಿದ್ರು, 2015ರಲ್ಲಿ ಪ್ರಕಟ ಆಯ್ತು, ಹಾಡಿದವರಲ್ಲಿ ಆತಂಕ, ಖಿನ್ನತೆ ಕಮ್ಮಿ ಆಗಿತ್ತು. ಅದೇ ವರ್ಷದ ಇನ್ನೊಂದು ಅಧ್ಯಯನದಲ್ಲಿ ಅಪರಿಚಿತರು ಬೇಗ ಹತ್ರ ಆಗಿದ್ದು ಕರಕುಶಲ, ಬರವಣಿಗೆ ಕ್ಲಾಸಿಗಿಂತ ಹಾಡೋ ಕ್ಲಾಸಲ್ಲಿ. ಆದ್ರೆ ನಿಮ್ಮಪ್ಪ ಹಾಡೋ ಪೈಕಿ ಅಲ್ಲ ಅನ್ಸತ್ತೆ. ಕ್ಯಾಮ್ ತಪ್ಪು ಹಿಡಿಯೋ ಮನುಷ್ಯ, ಕಲಿಯೋ ಜಾಗಕ್ಕಿಂತ ತಿದ್ದೋ ಜಾಗದಲ್ಲಿ ಕೂರಿಸಿದ್ರೆ ಅರಳ್ತಾರೇನೋ. ಮೊಮ್ಮಗನ ಕ್ಲಾಸಿನ ಮಕ್ಕಳಿಗೂ ಪ್ರಾಜೆಕ್ಟ್ ಇರತ್ತಲ್ವಾ?

---

ಕಪ್ಪುಬಿಳಿಚೌಕ:

ಮುಂದಿನ ಸಲ ಇನ್ನೂ ಕಷ್ಟದ್ದು ಕೊಡಿ. ಹಕ್ಕಿ ಏಳ್ಬೇಕು, ರೆಕ್ಕೇನೂ ಬಡೀಬೇಕು ಅನ್ನಿ. ಬೇಕಂತ ಇಟ್ಟ ತಪ್ಪು ಮಾತ್ರ ಇಡ್ಬೇಡಿ, ಒಂದ್ಸಲಕ್ಕೆ ಸರಿ, ಎರಡನೇ ಸಲ ಗೊತ್ತಾಗ್ಬಿಡತ್ತೆ ನಮಗೆ.

---

ರಾತ್ರಿಪಾಳಿ:

ಪೇಪರ್ ಹತ್ರ ಇಟ್ಕೋತಾರೆ ಅಂದ್ರೆ ಕಣ್ಣೂ ತೋರಿಸಿ, ಪೊರೆ ಇರಬಹುದು. ಕಿವಿ ಕಣ್ಣು ಎರಡೂ ಇದೇ ವಾರ. ಟೇಬಲ್ಲಿಗೆ ಒಂದು ಒಳ್ಳೇ ಲ್ಯಾಂಪ್ ಹಾಕ್ಸಿ, ಈ ವಯಸ್ಸಿಗೆ ನಿಮಗಿಂತ ಜಾಸ್ತಿ ಬೆಳಕು ಬೇಕಾಗತ್ತೆ.