ವಾರಕ್ಕೊಮ್ಮೆ ಹಳಿ ಒರೆಸಿದರೂ ಇಂಜಿನ್ ನಿಲ್ಲುತ್ತದೆ, ಉಪ್ಪುಕಾಗದ ಹಾಕಲಾ?

ಸಣ್ಣಹಳಿ:
ಎಲ್ಲರಿಗೂ ನಮಸ್ಕಾರ. ನನ್ನದು ಎಚ್‌ಒ ಅಳತೆಯ ಪುಟ್ಟ ಮಾದರಿ ರೈಲಿನ ಲೇಔಟ್ (ಹಳಿ ಜೋಡಣೆ). ಮಾಮೂಲಿ 12 ವೋಲ್ಟ್ ಡಿಸಿ ಕಂಟ್ರೋಲರ್, ಮೊಟ್ಟೆಯಾಕಾರದ ಒಂದು ಸುತ್ತು, ಎರಡು ಸೈಡಿಂಗ್ (ಪಕ್ಕದ ಕವಲು ಹಳಿ). ವಾರಕ್ಕೊಮ್ಮೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಬಟ್ಟೆ ಅದ್ದಿ ಹಳಿ ಒರೆಸುತ್ತೇನೆ. ಬಟ್ಟೆ ಕಾಡಿಗೆ ಒರೆಸಿದ ಹಾಗೆ ಕಪ್ಪಾಗುತ್ತದೆ. ಎರಡು ದಿನ ಚೆನ್ನಾಗಿ ಓಡುತ್ತದೆ, ಮೂರನೇ ದಿನ ಮತ್ತೆ ತಡವರಿಸುತ್ತದೆ. ಸುರಂಗದ ಹತ್ತಿರವಂತೂ ನಿಂತೇಬಿಡುತ್ತದೆ. ಬೆರಳಲ್ಲಿ ಸ್ವಲ್ಪ ತಳ್ಳಿದರೆ ಏನೂ ಆಗಿಲ್ಲವೇನೋ ಅನ್ನುವ ಹಾಗೆ ಹೊರಡುತ್ತದೆ. ಉಪ್ಪುಕಾಗದ ತಗೊಂಡು ಒಮ್ಮೆ ಗಟ್ಟಿಯಾಗಿ ಉಜ್ಜಿಬಿಡಲಾ?

ಗಾಲಿಮಾಸ್ತರ:
ಉಪ್ಪುಕಾಗದ ಕೆಳಗಿಡಿ ಮಾರಾಯ್ರೇ! ಒರಟು ಕಾಗದದಲ್ಲಿ ಉಜ್ಜಿದರೆ ಹಳಿಯ ತಲೆಯ ಮೇಲೆ ಸಣ್ಣ ಸಣ್ಣ ಗೀರು ಬೀಳುತ್ತವೆ. ಇವತ್ತು ಫಳಫಳ ಅನ್ನುತ್ತದೆ, ಆಮೇಲೆ ಆ ಗೀರುಗಳಲ್ಲೇ ಕೊಳೆ ಕೂರುತ್ತದೆ. ಸ್ಟೀಲ್ ವುಲ್ ಅಂತೂ ಹತ್ತಿರ ತರಲೇಬೇಡಿ. ಅದರ ಎಳೆಗಳು ಮೋಟಾರಿನ ಅಯಸ್ಕಾಂತಕ್ಕೆ ಅಂಟಿಕೊಂಡರೆ ಇಂಜಿನ್ ಕಥೆ ಮುಗಿಯಿತು.

ಹಳಿ ಯಾವುದರದ್ದು? ಹಳದಿ ಇದ್ದರೆ ಹಿತ್ತಾಳೆ, ಅದರ ಮೇಲೆ ಕಟ್ಟುವ ಪದರ ಕರೆಂಟ್ ಬಿಡುವುದಿಲ್ಲ. ಬೆಳ್ಳಗಿದ್ದರೆ ಬಹುಶಃ ನಿಕ್ಕಲ್ ಸಿಲ್ವರ್. ಹೆಸರಲ್ಲಿ ಬೆಳ್ಳಿ ಇದೆ, ಒಳಗೆ ಇಲ್ಲ. ತಾಮ್ರ, ನಿಕ್ಕಲ್, ಸತು ಅಷ್ಟೇ. ಅದು ಅಷ್ಟು ಬೇಗ ಕೈಕೊಡುವುದಿಲ್ಲ.

ಸಣ್ಣಹಳಿ:
ಬೆಳ್ಳಗೇ ಇದೆ ಸರ್. ನಿಕ್ಕಲ್ ಸಿಲ್ವರ್ ಅಂತ ಡಬ್ಬದ ಮೇಲೂ ಬರೆದಿತ್ತು.

ಗೂಡ್ಸ್‌ಗಾಡಿ:
ನನ್ನ ಪ್ರಕಾರ ತಪ್ಪು ಆ ಆಲ್ಕೊಹಾಲ್‌ನದ್ದೇ. ಗಾಲಿ ಹಳಿಯನ್ನು ಮುಟ್ಟಿಬಿಟ್ಟು ಮಾಡುವಾಗ ಕಣ್ಣಿಗೆ ಕಾಣದಷ್ಟು ಸಣ್ಣ ಕಿಡಿ ಹಾರುತ್ತದೆ. ಆ ಕಿಡಿಯಿಂದಲೇ ಕಪ್ಪು ಮಸಿ. ಆಲ್ಕೊಹಾಲ್ ಪೋಲಾರ್ ದ್ರಾವಕ (ಅಣುವಿನ ಒಂದು ತುದಿ ಧನ, ಇನ್ನೊಂದು ಋಣ), ಅದು ಬಿಟ್ಟುಹೋಗುವ ಪದರ ಕಿಡಿಗೆ ಅನುಕೂಲ ಮಾಡಿಕೊಡುತ್ತದೆ ಅನ್ನುವ ವಾದ ಇದೆ. ಸೀಮೆಎಣ್ಣೆ, ಮಿನರಲ್ ಸ್ಪಿರಿಟ್ಸ್ ಪೋಲಾರ್ ಅಲ್ಲ. ನಾನು ಬದಲಾಯಿಸಿದ ಮೇಲೆ ತಿಂಗಳುಗಟ್ಟಲೆ ಹಳಿ ಮುಟ್ಟಿಲ್ಲ.

ಗಾಲಿಮಾಸ್ತರ:
ಆಲ್ಕೊಹಾಲ್ ನಿಮಿಷದಲ್ಲಿ ಆರಿಹೋಗುತ್ತದೆ. ಆರಿಹೋದದ್ದು ಕಿಡಿ ಹೇಗೆ ಹಾರಿಸುತ್ತದೆ ಸ್ವಾಮಿ? ಉಳಿಯುವುದು ಕರಗಿ ಮತ್ತೆ ಹರಡಿಕೊಂಡ ಜಿಡ್ಡು. ಒದ್ದೆ ಬಟ್ಟೆ ಆದಮೇಲೆ ಒಣ ಬಟ್ಟೆಯಲ್ಲಿ ಇನ್ನೊಮ್ಮೆ ಎಳೆಯಿರಿ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಗೂಡ್ಸ್‌ಗಾಡಿ:
ಒಣ ಬಟ್ಟೆ ನಾನೂ ಎಳೆದಿದ್ದೆ. ಆದರೂ ವಾರಕ್ಕೊಮ್ಮೆ ಮಸಿ. ನಿಮ್ಮ ಹತ್ತಿರ ಬೇರೆ ಕಾರಣ ಇದ್ದರೆ ಹೇಳಿ.

ಗಾಲಿಮಾಸ್ತರ:
ಇದೆ. ಬೋಗಿಗಳ ಗಾಲಿ. ಪ್ಲಾಸ್ಟಿಕ್ ಗಾಲಿ ಜಿಡ್ಡನ್ನು ಎತ್ತಿಕೊಂಡು ಊರೆಲ್ಲ ಹಂಚುತ್ತದೆ. ಹಳಿ ಎಷ್ಟು ಒರೆಸಿದರೂ ಒಂದೇ ಸುತ್ತಿಗೆ ವಾಪಸ್. ಸಣ್ಣಹಳಿ ಅವರೇ, ಒಂದು ವ್ಯಾಗನ್ ತಿರುಗಿಸಿ ಗಾಲಿ ಮೇಲೆ ಉಗುರು ಆಡಿಸಿ ನೋಡಿ.

ಬೆಸುಗೆಕೈ:
ಇಬ್ಬರೂ ದ್ರಾವಕದಲ್ಲೇ ಮುಳುಗಿದ್ದೀರಿ. ಅವರು ಬರೆದದ್ದನ್ನು ಸರಿಯಾಗಿ ಓದಿ: "ಸುರಂಗದ ಹತ್ತಿರವಂತೂ ನಿಂತೇಬಿಡುತ್ತದೆ." ಎಲ್ಲ ಕಡೆ ತಡವರಿಸಿದರೆ ಕೊಳೆ. ಒಂದೇ ಜಾಗದಲ್ಲಿ ಪ್ರತಿ ಸಲ ನಿಂತರೆ ನಾನು ಮೊದಲು ಎರಡು ಹಳಿ ತುಂಡು ಸೇರಿಸುವ ಜಾಯಿನರ್ ನೋಡುತ್ತೇನೆ. ಆ ಪುಟಾಣಿ ತಗಡಿನ ತುಂಡು ಸಡಿಲವಾಗುತ್ತದೆ, ಒಳಗೆ ಕಪ್ಪಾಗುತ್ತದೆ, ಜಲ್ಲಿಗೆ ಹಾಕಿದ ಅಂಟು ಒಳಗೆ ಇಳಿಯುತ್ತದೆ.

ಲೆಕ್ಕ ಸುಲಭ. ಇಂಜಿನ್ 0.5 ಆಂಪಿಯರ್ ಎಳೆಯುತ್ತಿದೆ, ಜಾಯಿನರ್‌ನಲ್ಲಿ 2 ಓಮ್ ಅಡ್ಡಿ ಇದೆ ಅಂದುಕೊಳ್ಳಿ. 1 ವೋಲ್ಟ್ ಅಲ್ಲೇ ಹೋಯಿತು. ಇಂಥವು ನಾಲ್ಕು ಸಾಲಾಗಿ ಇದ್ದರೆ? ಸುಮ್ನೆ ಮೀಟರ್ ಇಟ್ಟರೆ ಎಲ್ಲ ಕಡೆ 12 ತೋರಿಸುತ್ತದೆ, ಮೋಸ ಹೋಗಬೇಡಿ. ಇಂಜಿನ್ ಹಳಿ ಮೇಲೆ ನಿಂತು ಕರೆಂಟ್ ಎಳೆಯುತ್ತಿರುವಾಗ ಅಳೆಯಬೇಕು. ಕಂಟ್ರೋಲರ್ ತಂತಿ ಎಷ್ಟು ಕಡೆ ಕೊಟ್ಟಿದ್ದೀರಿ?

ಸಣ್ಣಹಳಿ:
ಒಂದೇ ಕಡೆ. ಸ್ಟೇಷನ್ ಹತ್ತಿರ. ಸುರಂಗ ಸರಿಯಾಗಿ ಎದುರು ತುದಿ. ಆದರೆ ಸುತ್ತು ಅಲ್ವಾ, ಎರಡೂ ಕಡೆಯಿಂದ ಕರೆಂಟ್ ಬರಬೇಕು?

ಬೆಸುಗೆಕೈ:
ಒಳ್ಳೆ ಪ್ರಶ್ನೆ. ಒಂದು ಜಾಯಿನರ್ ಕೆಟ್ಟರೆ ಇನ್ನೊಂದು ಕಡೆಯಿಂದ ಬರುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಒಂದೇ ಹಳಿಯಲ್ಲಿ ಎರಡು ಕೆಟ್ಟ ದಿನ ಅವುಗಳ ನಡುವಿನ ತುಂಡು ಉಪವಾಸ. ಇಂಜಿನ್ ತಳ್ಳಬೇಡಿ, ಹಳಿಯನ್ನು ಬೆರಳಲ್ಲಿ ಒತ್ತಿ ನೋಡಿ.

ಪೆನ್ಸಿಲ್‌ಪುಟ್ಟ:
ಯಾರೂ ಗ್ರಾಫೈಟ್ (ಪೆನ್ಸಿಲ್ ಕಡ್ಡಿ) ಹೆಸರೇ ಎತ್ತಿಲ್ಲವಲ್ಲ! ಹಳಿ ಒರೆಸಿ, ಮೆತ್ತನೆಯ 6ಬಿ ಗ್ರಾಫೈಟ್ ಕಡ್ಡಿಯನ್ನು ಹಳಿಯ ಒಳ ಅಂಚಿಗೆ ಒಂದೇ ಒಂದು ಸಲ ತೆಳ್ಳಗೆ ಎಳೆಯಿರಿ. ಗಾಲಿಗಳೇ ಹರಡಿಕೊಳ್ಳುತ್ತವೆ.

ಗೂಡ್ಸ್‌ಗಾಡಿ:
ಹಾಕಿದ್ದೆ ಗುರು. ಸಮತಟ್ಟಿನಲ್ಲಿ ಬೆಣ್ಣೆ. ಏರಿನಲ್ಲಿ ಇಂಜಿನ್ ನಿಂತಲ್ಲೇ ಗಾಲಿ ತಿರುಗಿಸುತ್ತಾ ನಿಂತಿತು, ಹಿಂದೆ ಹತ್ತು ವ್ಯಾಗನ್.

ಪೆನ್ಸಿಲ್‌ಪುಟ್ಟ:
ಗೋಡೆಗೆ ಸುಣ್ಣ ಬಳಿದ ಹಾಗೆ ಬಳಿದಿರಬೇಕು ನೀವು. ಏರಿಗೆ ಹಾಕಬಾರದು, ಅದನ್ನು ಒಪ್ಪುತ್ತೇನೆ.

ಹೊಸಬ ಎನ್:
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ಎನ್ ಅಳತೆ, 9 ಮಿ.ಮೀ. ಹಳಿ. ಇಂಜಿನ್ ಗಾಲಿ ಬಿಚ್ಚದೆ ಒರೆಸುವುದು ಹೇಗೆ?

ಗಾಲಿಮಾಸ್ತರ:
ಟಿಶ್ಯೂ ಪೇಪರ್ ಒಂದನ್ನು ಎರಡೂ ಹಳಿ ಮುಚ್ಚುವ ಹಾಗೆ ಅಡ್ಡ ಹಾಸಿ, ಆಲ್ಕೊಹಾಲ್‌ನ ಎರಡು ಹನಿ ಬಿಡಿ. ತೊಟ್ಟಿಕ್ಕುವಷ್ಟು ಬೇಡ, ಅದು ಬೆಂಕಿ ಹಿಡಿಯುವ ವಸ್ತು. ಇಂಜಿನ್‌ನ ಮುಂದಿನ ಗಾಲಿಗಳು ಪೇಪರ್ ಮೇಲೆ, ಹಿಂದಿನವು ಬರಿ ಹಳಿ ಮೇಲೆ ಇರಲಿ. ಕರೆಂಟ್ ಹಿಂದಿನಿಂದ ಸಿಗುತ್ತದೆ. ಮೆಲ್ಲಗೆ ಹಿಡಿದುಕೊಂಡು ಓಡಿಸಿ. ಪೇಪರ್ ಮೇಲೆ ಎರಡು ಕಪ್ಪು ಗೆರೆ ಮೂಡುತ್ತವೆ. ಜಾಗ ಸರಿಸಿ, ಗೆರೆ ಬರುವುದು ನಿಲ್ಲುವ ತನಕ ಮಾಡಿ. ಆಮೇಲೆ ಇಂಜಿನ್ ತಿರುಗಿಸಿಡಿ. ರಬ್ಬರ್ ಟೈರ್ ಇರುವ ಗಾಲಿಗೆ ಮಾತ್ರ ಸೀಮೆಎಣ್ಣೆ ಸೋಕಿಸಬೇಡಿ, ರಬ್ಬರ್ ಉಬ್ಬುತ್ತದೆ. (ಗೂಡ್ಸ್‌ಗಾಡಿ ಅವರೇ, ಇದು ನಿಮಗೂ.)

ಸಣ್ಣಹಳಿ:
ಮೂರು ದಿನ ಬಿಟ್ಟು ಬಂದೆ, ವರದಿ ಒಪ್ಪಿಸುತ್ತೇನೆ.

ಸುರಂಗದ ಬಾಯಲ್ಲಿ ಇಂಜಿನ್ ನಿಂತಾಗ ಅದನ್ನು ಮುಟ್ಟದೆ ಪಕ್ಕದ ಹಳಿ ಒತ್ತಿದೆ. ತಾನಾಗಿ ಹೊರಟಿತು! ಬೆರಳು ತೆಗೆದೆ, ನಿಂತಿತು. ಮೀಟರ್ ಹಾಕಿದೆ. ಇಂಜಿನ್ ಎತ್ತಿದರೆ 11.8, ಇಟ್ಟರೆ 7ಕ್ಕೆ ಇಳಿಯುತ್ತದೆ. ಒಂದು ಜಾಯಿನರ್ ಬಾಯಿ ತೆರೆದಿತ್ತು. ಆಚೆ ತುದಿಯದರೊಳಗೆ ನಾನೇ ಜಲ್ಲಿಗೆ ಸುರಿದ ಅಂಟು, ಕಲ್ಲಿನ ಹಾಗೆ ಗಟ್ಟಿ. ಬೈಯಲು ಬೇರೆ ಯಾರೂ ಸಿಗಲಿಲ್ಲ.

ಎರಡನ್ನೂ ಬದಲಾಯಿಸಿ ಆ ತುಂಡಿಗೆ ಬೇರೆ ತಂತಿ ಬೆಸೆದೆ. ಮೊದಲ ಪ್ರಯತ್ನಕ್ಕೆ ಎರಡು ಪ್ಲಾಸ್ಟಿಕ್ ಸ್ಲೀಪರ್ (ಹಳಿ ಕೆಳಗಿನ ಅಡ್ಡಪಟ್ಟಿ) ಕರಗಿದವು.

ಗಾಲಿಮಾಸ್ತರರೇ, ಉಗುರು ಆಡಿಸಿದೆ. ಗಾಲಿಯಿಂದ ಕಪ್ಪು ಸಿಪ್ಪೆ ಉಂಗುರದ ಹಾಗೆ ಕಿತ್ತು ಬಂತು. ಹದಿನಾಲ್ಕು ವ್ಯಾಗನ್‌ಗಳಲ್ಲಿ ಒಂಬತ್ತಕ್ಕೆ ಪ್ಲಾಸ್ಟಿಕ್ ಗಾಲಿ. ಲೋಹದ ಗಾಲಿ ತರಿಸುತ್ತಿದ್ದೇನೆ.

ಬೆಸುಗೆಕೈ:
ಬೆಸೆಯುವ ಜಾಗದ ಎರಡೂ ಬದಿಗೆ ಒದ್ದೆ ಟಿಶ್ಯೂ ಇಡಿ, ಬಿಸಿ ಅಲ್ಲೇ ನಿಲ್ಲುತ್ತದೆ, ಸ್ಲೀಪರ್ ಉಳಿಯುತ್ತದೆ. ಎಲ್ಲ ಜಾಯಿನರ್ ಬೆಸೆಯಬೇಡಿ, ಹಳಿ ಹಿಗ್ಗಲು ಅಲ್ಲಲ್ಲಿ ಜಾಗ ಬೇಕು. ಬದಲಿಗೆ ಪ್ರತಿ ತುಂಡಿಗೂ ತಂತಿ ಕೊಡಿ.

ಗೂಡ್ಸ್‌ಗಾಡಿ:
ಸರಿ, ಜಾಯಿನರ್ ಗೆದ್ದಿತು. ಗಾಲಿ ಬಂದಮೇಲೆ ಒಂದು ಕೆಲಸ ಮಾಡಿ. ಅರ್ಧ ಸುತ್ತು ಆಲ್ಕೊಹಾಲ್, ಅರ್ಧ ಸುತ್ತು ಸೀಮೆಎಣ್ಣೆ. ಯಾವ ಕಡೆ ಬಟ್ಟೆ ಮೊದಲು ಕಪ್ಪಾಗುತ್ತದೆ ನೋಡೋಣ.

ಗಾಲಿಮಾಸ್ತರ:
ಗಾಲಿ ಸುತ್ತು ಪೂರ್ತಿ ಓಡುತ್ತವೆ ಸ್ವಾಮಿ, ಅರ್ಧಕ್ಕೆ ನಿಲ್ಲುವುದಿಲ್ಲ. ಎರಡೂ ಬೆರೆತುಹೋಗುತ್ತವೆ. ಎರಡು ಸೈಡಿಂಗ್ ಇವೆಯಲ್ಲ, ಒಂದಕ್ಕೆ ಇದು, ಒಂದಕ್ಕೆ ಅದು. ಇಂಜಿನ್ ಕೂಡ ಬೇರೆ ಬೇರೆ.

ಸಣ್ಣಹಳಿ:
ನನ್ನ ಹತ್ತಿರ ಇರುವುದೇ ಒಂದು ಇಂಜಿನ್ ಸರ್.